ಮಕ್ಕಳಿಗೆ ಗಮನ ಇಲ್ಲ ಅನ್ನೋ ಮುಂಚೆ, ಕ್ಲಾಸಲ್ಲಿ ಅವರಿಗೆ ಏನ್ ಕೆಲಸ ಕೊಟ್ಟಿದೀವಿ ನೋಡಿ

ಮಾನ್ಯ ಸಂಪಾದಕರೇ, ನಮಸ್ಕಾರ.

ಈಗಿನ ಮಕ್ಕಳಿಗೆ ಏಕಾಗ್ರತೆ ಇಲ್ಲ, ಮೊಬೈಲು ಬಂದು ಎಲ್ಲಾ ಹಾಳಾಯ್ತು ಅಂತ ಓದುಗರ ಅಂಕಣದಲ್ಲಿ ಯಾರಾದ್ರೂ ಒಬ್ರು ಬರೀತಾನೇ ಇರ್ತಾರೆ, ಟೀಚರ್ಸ್ ಮೀಟಿಂಗಲ್ಲೂ ಅದೇ ಮಾತು, ಪೋಷಕರ ಸಭೆಯಲ್ಲೂ ಅದೇ ಮಾತು. ನಾನು ಮಂಡ್ಯ ತಾಲ್ಲೂಕಿನ ಒಂದು ಹೈಸ್ಕೂಲಲ್ಲಿ ಗಣಿತ ಹೇಳ್ಕೊಡ್ತೀನಿ, ಮೊಬೈಲಿಂದ ತೊಂದ್ರೆ ಇದೆ ಅನ್ನೋದನ್ನ ನಾನೂ ಒಪ್ತೀನಿ, ರಾತ್ರಿ ಹನ್ನೆರಡರ ತನಕ ರೀಲ್ಸ್ ನೋಡಿ ಬೆಳಿಗ್ಗೆ ಕಣ್ಣು ಬಿಡೋಕಾಗದ ಮಕ್ಕಳು ನನ್ನ ಕ್ಲಾಸಲ್ಲೂ ಇದ್ದಾರೆ. ಆದ್ರೆ ನಮ್ಮ ಶಾಲೇಲಿ ಮೊಬೈಲು ತರೋ ಹಾಗಿಲ್ಲ. ಮೊಬೈಲು ಇಲ್ಲದ ಆ 40 ನಿಮಿಷದ ಪಿರಿಯಡ್ಡಲ್ಲೂ ಅರ್ಧ ಕ್ಲಾಸು ಕಿಟಕಿ ಕಡೆ ನೋಡ್ತಾ ಕೂತಿರುತ್ತಲ್ಲ, ಅದಕ್ಕೆ ಏನ್ ಹೇಳ್ತೀರಾ?

ಯಾವುದಾದ್ರೂ ಒಂದು ಕ್ಲಾಸಿನ ಹಿಂದಿನ ಬೆಂಚಲ್ಲಿ ಹೋಗಿ ಕೂತ್ಕೊಂಡು ನೋಡಿ. ಮಾತಾಡೋರು ಮೇಷ್ಟ್ರು, ಬೋರ್ಡ್ ಮೇಲೆ ಬರೆಯೋರು ಮೇಷ್ಟ್ರು, ಪ್ರಶ್ನೆ ಕೇಳೋರು ಮೇಷ್ಟ್ರು, ಎಷ್ಟೋ ಸಲ ಉತ್ತರ ಹೇಳೋರೂ ಮೇಷ್ಟ್ರೇ. ಮಕ್ಕಳ ಪಾಲಿಗೆ ಇರೋ ಕೆಲಸ ಎರಡೇ, ಸುಮ್ಮನೆ ಕೂರೋದು, ಬೋರ್ಡಲ್ಲಿ ಇರೋದನ್ನ ನೋಟ್ಸಿಗೆ ಇಳಿಸ್ಕೊಳೋದು. ಇಳಿಸ್ಕೊಳೋಕೆ ತಲೆ ಬೇಕಾಗಿಲ್ಲ, ಕೈ ಸಾಕು. ದೊಡ್ಡೋರು ನಾವೇ ತರಬೇತಿಗೆ ಅಂತ ಹೋದ್ರೆ ಒಂದು ಗಂಟೆ ಭಾಷಣ ಕೇಳೋಕಾಗದೆ ಟೀ ಯಾವಾಗ ಬರುತ್ತೆ ಅಂತ ಬಾಗಿಲು ನೋಡ್ತೀವಿ, ಹದಿಮೂರು ವರ್ಷದ ಮಗು ದಿನಕ್ಕೆ ಏಳು ಪಿರಿಯಡ್ ಹಂಗೇ ಕೂತ್ಕೊಬೇಕು ಅಂದ್ರೆ ಹೆಂಗೆ? ಮಕ್ಕಳ ಗಮನ ಹಿಡಿಯೋದು ಅಂದ್ರೆ ಜೋಕ್ ಹೇಳೋದೋ ವಿಡಿಯೋ ಹಾಕೋದೋ ಅಲ್ಲ, ಕ್ಲಾಸಲ್ಲಿ ಕೂತಿರೋ ಪ್ರತಿ ಮಗುಗೂ ಐದೈದು ನಿಮಿಷಕ್ಕೆ ತಲೆ ಓಡಿಸಲೇಬೇಕಾದ ಒಂದು ಕೆಲಸ ಇರಬೇಕು, ಮಾಡಿದ್ದನ್ನ ಯಾರೋ ಒಬ್ರು ನೋಡಬೇಕು. ಈ ಪತ್ರ ಬರೆಯೋಕೆ ಕೂತಿದ್ದೇ ಇದನ್ನ ಹೇಳೋಕೆ.

ನಾವು ಪ್ರಶ್ನೆ ಕೇಳಲ್ಲ ಅಂತಲ್ಲ, ಕೇಳ್ತೀವಿ. "ಅರ್ಥ ಆಯ್ತಾ?" ಅಂದ ತಕ್ಷಣ "ಆಯ್ತು ಮಿಸ್" ಅಂತ ಒಕ್ಕೊರಲಲ್ಲಿ ಉತ್ತರ ಬರುತ್ತೆ. ತ್ರಿಭುಜದ ಮೂರು ಕೋನ ಕೂಡಿದ್ರೆ ನೂರಾ... ಅಂತ ನಾವು ಎಳೆದ್ರೆ ಅವರು "ಎಂಬತ್ತು" ಅಂತ ಮುಗಿಸ್ತಾರೆ. ಆ ಗದ್ದಲದಲ್ಲಿ ಗೊತ್ತಿರೋನೂ ಕೂಗ್ತಾನೆ, ಗೊತ್ತಿಲ್ಲದೋನೂ ಬಾಯಿ ಆಡಿಸ್ತಾನೆ, ಟೀಚರಿಗೆ ಏನೂ ತಿಳಿಯಲ್ಲ. ಇನ್ನೊಂದು ನಮೂನೆ ಅಂದ್ರೆ ಪ್ರಶ್ನೆ ಕೇಳಿದ ಮರುಕ್ಷಣ ಮುಂದಿನ ಬೆಂಚಿನ ಅದೇ ನಾಲ್ಕು ಕೈ ಮೇಲೆ ಹೋಗುತ್ತೆ, ಅವರಲ್ಲಿ ಒಬ್ರು ಹೇಳ್ತಾರೆ, ನಾವು ಶಭಾಷ್ ಅಂದು ಮುಂದಕ್ಕೆ ಹೋಗ್ತೀವಿ. ಉಳಿದ ಮಕ್ಕಳು ಯೋಚನೆ ಶುರು ಮಾಡೋ ಅಷ್ಟರಲ್ಲಿ ಉತ್ತರ ಬಂದಾಗಿರುತ್ತೆ, ಹಿಂಗೇ ನಾಲ್ಕು ದಿನ ನಡೆದ್ರೆ ಐದನೇ ದಿನ ಯೋಚನೆ ಮಾಡೋಕೇ ಹೋಗಲ್ಲ. ಅಮೆರಿಕದಲ್ಲಿ ಮೇರಿ ಬಡ್ ರೋ ಅಂತ ವಿಜ್ಞಾನ ಶಿಕ್ಷಣದ ಸಂಶೋಧಕಿ 1970ರ ದಶಕದಲ್ಲಿ ಕ್ಲಾಸುಗಳ ಮಾತನ್ನ ರೆಕಾರ್ಡ್ ಮಾಡಿ ಕೇಳಿಸ್ಕೊಂಡು ಇದನ್ನೇ ಅಳತೆ ಮಾಡಿದ್ರು. ಪ್ರಶ್ನೆ ಕೇಳಿದ ಮೇಲೆ ಟೀಚರ್‌ಗಳು ಕಾಯೋದು ಹೆಚ್ಚೂಕಮ್ಮಿ ಒಂದೇ ಸೆಕೆಂಡು. ಅದನ್ನ ಮೂರು ಸೆಕೆಂಡಿಗೆ ಏರಿಸಿದ್ರೆ ಮಕ್ಕಳ ಉತ್ತರ ಉದ್ದ ಆಗುತ್ತೆ, ಬಾಯಿ ಬಿಡದ ಮಕ್ಕಳೂ ಮಾತಾಡೋಕೆ ಶುರು ಮಾಡ್ತಾರೆ, "ಗೊತ್ತಿಲ್ಲ" ಅನ್ನೋದು ಕಮ್ಮಿ ಆಗುತ್ತೆ ಅಂತ ಅವರು ಕಂಡ್ಕೊಂಡ್ರು. ಮೂರು ಸೆಕೆಂಡು ಕೇಳೋಕೆ ಚಿಕ್ಕದು, ಕ್ಲಾಸ್ ಮುಂದೆ ನಿಂತು ಬಾಯಿ ಮುಚ್ಕೊಂಡು ಕಾಯೋಕೆ ಹೋದ್ರೆ ತುಂಬಾ ದೊಡ್ಡದು, ಬೇಕಿದ್ರೆ ಯಾವ ಶಿಕ್ಷಕರಾದ್ರೂ ನಾಳೆನೇ ಮಾಡಿ ನೋಡಲಿ.

ನಮ್ಮ ಕ್ಲಾಸಲ್ಲಿ ಈಗ ಕೈ ಎತ್ತೋ ಪದ್ಧತಿನೇ ಇಲ್ಲ. ಒಂದನೇ ಕ್ಲಾಸಿನ ಮಕ್ಕಳು ಹಿಡಿಯೋ ಸ್ಲೇಟನ್ನೇ ಎಂಟನೇ ಕ್ಲಾಸಿನ ಮಕ್ಕಳ ಕೈಲಿ ಕೊಟ್ಟಿದೀವಿ, ಪ್ರಶ್ನೆ ಬೋರ್ಡ್ ಮೇಲೆ ಬರುತ್ತೆ, ಎಲ್ಲರೂ ಬರೀಬೇಕು, ನಾನು ಹೇಳಿದಾಗ ಒಟ್ಟಿಗೆ ಎತ್ತಬೇಕು. ಒಂದು ಕಣ್ಣು ಹಾಯಿಸಿದ್ರೆ ಸಾಕು, ಯಾರಿಗೆ ಬಂದಿದೆ, ಯಾರಿಗೆ ಬಂದಿಲ್ಲ, ಎಲ್ಲಿ ತಪ್ಪಿದ್ದಾರೆ ಎಲ್ಲಾ ಕಾಣುತ್ತೆ. ಅರ್ಧಕ್ಕೆ ಮೂರನೇ ಒಂದು ಭಾಗ ಸೇರಿಸಿ, ಅಂದ್ರೆ 1/2 + 1/3 ಎಷ್ಟು ಅಂತ ಕೇಳ್ದಾಗ ಸುಮಾರು ಸ್ಲೇಟಲ್ಲಿ 2/5 ಅಂತ ಇತ್ತು, ಮೇಲಿನದಕ್ಕೆ ಮೇಲಿನದು ಕೂಡು, ಕೆಳಗಿನದಕ್ಕೆ ಕೆಳಗಿನದು ಕೂಡು. ಕೆಲವರದ್ದು 5/6. ಯಾವುದು ಸರಿ ಅಂತ ನಾನು ಹೇಳಲಿಲ್ಲ, ಎರಡನ್ನೂ ಬೋರ್ಡ್ ಮೇಲೆ ಬರೆದು, ಬೇರೆ ಉತ್ತರ ಬರೆದೋರ ಜೊತೆ ಕೂತ್ಕೊಂಡು ಒಪ್ಪಿಸಿ ನೋಡಣ ಅಂದೆ. ಎರಡು ನಿಮಿಷ ಕ್ಲಾಸು ಸಂತೆ ಆಯ್ತು, ಪಕ್ಕದ ರೂಮಿನ ಮೇಷ್ಟ್ರು ಬಂದು ಇಣುಕಿ ಹೋದ್ರು. ಆ ಗಲಾಟೆ ಮಧ್ಯೆ, ಸಾಮಾನ್ಯವಾಗಿ ಬಾಯೇ ಬಿಡದ ಒಬ್ಬ ಹುಡುಗಿ ಎದ್ದು, "ಮಿಸ್, ಐದರಲ್ಲಿ ಎರಡು ಅಂದ್ರೆ ಅರ್ಧಕ್ಕಿಂತ ಕಮ್ಮಿ ಅಲ್ವಾ? ಅರ್ಧಕ್ಕೆ ಇನ್ನೊಂದ್ ಸೇರ್ಸುದ್ರೆ ಜಾಸ್ತಿ ಆಗ್ಬೇಕು, ಕಮ್ಮಿ ಹೆಂಗಾಯ್ತದೆ?" ಅಂದ್ಲು. 2/5 ಬರೆದಿದ್ದ ಹುಡುಗರು ಸ್ಲೇಟು ನೋಡ್ಕೊಂಡು ತಾವೇ ಒರೆಸಿದ್ರು. ಲಸಾಅ ತೆಗೆದು ಕೂಡೋ ವಿಧಾನ ಆಮೇಲೆ ಹೇಳ್ಕೊಟ್ಟೆ, ಆಗ ಕೇಳಿಸ್ಕೊಂಡ್ರು, ಯಾಕಂದ್ರೆ ಆಗ ಅದು ಅವರಿಗೇ ಬೇಕಾಗಿತ್ತು.

ಇದು ನಾನು ಕಂಡುಹಿಡಿದಿದ್ದೇನೂ ಅಲ್ಲ. ಮೊದಲು ಒಬ್ಬೊಬ್ಬರೇ ಯೋಚಿಸು, ಆಮೇಲೆ ಜೊತೆಗಾರನಿಗೆ ಹೇಳು, ಆಮೇಲೆ ಕ್ಲಾಸಿಗೆ ಹೇಳು ಅನ್ನೋ ಪದ್ಧತಿನ ಫ್ರಾಂಕ್ ಲೈಮನ್ ಅನ್ನೋರು 1981ರಲ್ಲೇ ಬರೆದಿಟ್ಟಿದ್ದಾರೆ. ಹಾರ್ವರ್ಡಿನ ಭೌತಶಾಸ್ತ್ರದ ಪ್ರೊಫೆಸರ್ ಎರಿಕ್ ಮಜೂರ್ 1991ರಿಂದ ದೊಡ್ಡ ದೊಡ್ಡ ಕ್ಲಾಸುಗಳಲ್ಲೇ ಇದನ್ನ ಮಾಡ್ತಾ ಬಂದಿದ್ದಾರೆ, ಮಧ್ಯೆ ಪಾಠ ನಿಲ್ಲಿಸಿ ಒಂದು ಪ್ರಶ್ನೆ ಕೊಡೋದು, ಎಲ್ಲರಿಂದ ಉತ್ತರ ತಗೊಳೋದು, ಪಕ್ಕದೋರ ಜೊತೆ ವಾದ ಮಾಡಿ ಅನ್ನೋದು, ಮತ್ತೆ ಉತ್ತರ ತಗೊಳೋದು. ಅಲ್ಲಿ ಅವರು ಯಂತ್ರ ಕೊಟ್ಟು ವೋಟು ಹಾಕಿಸ್ಕೋತಾರೆ, ನಮಗೆ ಸ್ಲೇಟು ಬಳಪ ಸಾಕು.

ಅಷ್ಟು ದೂರ ಯಾಕೆ, ನಮ್ಮ ಮೈಸೂರು ಜಿಲ್ಲೆ ಹೆಗ್ಗಡದೇವನಕೋಟೆ ತಾಲ್ಲೂಕಲ್ಲೇ 1995ರಲ್ಲಿ, ಚಿಕ್ಕ ಕ್ಲಾಸಿನ ಮಕ್ಕಳು ಕಾರ್ಡು ಹಿಡಿದು ತಾವೇ ಮಾಡ್ತಾ ಕಲಿಯೋ ನಲಿ-ಕಲಿ ಪದ್ಧತಿ ಶುರುವಾಗಿದ್ದು. ಆಂಧ್ರದ ರಿಷಿವ್ಯಾಲಿ ಶಾಲೆಯ ಪದ್ಧತಿ ನೋಡ್ಕೊಂಡು ಬಂದ ಸರ್ಕಾರಿ ಶಾಲೆ ಶಿಕ್ಷಕರೇ ಸೇರಿ ಕಾರ್ಡು, ಯಾವುದಾದ ಮೇಲೆ ಯಾವುದು ಕಲೀಬೇಕು ಅಂತ ತೋರಿಸೋ ಕಲಿಕಾ ಏಣಿ ಎಲ್ಲಾ ತಯಾರು ಮಾಡಿದ್ರು, ಆಮೇಲೆ ಅದು ರಾಜ್ಯಕ್ಕೆಲ್ಲಾ ಹೋಯ್ತು. ಅದರಲ್ಲಿ ಕೊರತೆ ಇಲ್ಲ ಅಂತ ನಾನು ಹೇಳಲ್ಲ, ಒಬ್ರೇ ಟೀಚರ್ರು ಮೂರು ಕ್ಲಾಸು ಸಂಭಾಳಿಸೋ ಕಡೆ ಕಾರ್ಡು ಗೋಡೆ ಮೇಲೇ ಉಳಿಯುತ್ತೆ. ಆದ್ರೆ ಅದರ ಒಂದು ಗುಣ ನನಗೆ ಬಹಳ ದೊಡ್ಡದು ಅನ್ಸುತ್ತೆ, ನನ್ನ ಮುಂದಿನ ಕೆಲಸ ಯಾವುದು ಅಂತ ಮಗುಗೆ ಗೊತ್ತಿರುತ್ತೆ, ಅದು ಎದ್ದು ಹೋಗಿ ತನ್ನ ಕಾರ್ಡು ತಗೊಳುತ್ತೆ. ಅಂಥಾ ಮಕ್ಕಳನ್ನ ಹೈಸ್ಕೂಲಿಗೆ ಬರೋಷ್ಟರಲ್ಲಿ ಕೈ ಕಟ್ಟಿ ಕೂರಿಸಿ ಬಿಡ್ತೀವಲ್ಲ, ಅದು ನನಗೆ ಸಂಕಟ ಆಗುತ್ತೆ.

ಇನ್ನೊಂದು ವಿಷಯ, ಮಕ್ಕಳಿಗೆ ಕೊಡೋ ಕೆಲಸ ಅವರ ಊರಿಂದ್ಲೇ ಸಿಗುತ್ತೆ. ನಿಮ್ಮ ಪತ್ರಿಕೇಲಿ ದಿನಾ ಕೆಆರ್‌ಎಸ್ ನೀರಿನ ಮಟ್ಟ ಹಾಕ್ತೀರಿ, ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು. ನಮ್ಮ ಕಡೆ ವಿ.ಸಿ. ನಾಲೆ ಅಚ್ಚುಕಟ್ಟಿನ ಮಕ್ಕಳು ಹುಟ್ಟಿದಾಗಿಂದ ಟಿಎಂಸಿ ಅನ್ನೋ ಪದ ಕೇಳ್ಕೊಂಡೇ ಬೆಳೆದಿರ್ತಾರೆ, ಕಾವೇರಿ ಗಲಾಟೆಗೆ ಹೆದ್ದಾರೀಲಿ ಅಪ್ಪನ ಜೊತೆ ಕೂತಿರೋ ಮಕ್ಕಳೂ ಇದ್ದಾರೆ, ಆದ್ರೆ ಒಂದು ಟಿಎಂಸಿ ಅಂದ್ರೆ ಎಷ್ಟು ನೀರು ಕಣ್ರೋ ಅಂದ್ರೆ ಯಾರಿಗೂ ಗೊತ್ತಿಲ್ಲ. ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ, ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಒಂದು ಘನ ಅಡಿ, ದಿನಕ್ಕೆ 86,400 ಸೆಕೆಂಡು, ಇಷ್ಟು ಹೇಳಿ, ದಿನವಿಡೀ 10,000 ಕ್ಯೂಸೆಕ್ ಒಳಹರಿವು ಇದ್ರೆ ಒಂದು ಟಿಎಂಸಿ ಬರೋಕೆ ಎಷ್ಟು ಹೊತ್ತು ಅಂತ ಕೇಳಿ ಬಿಟ್ಟುಬಿಟ್ಟೆ. ಹತ್ತು ಸಾವಿರ ಗುಣಿಸು 86,400 ಅಂದ್ರೆ 86.4 ಕೋಟಿ, ಅಂದ್ರೆ ಒಂದು ದಿನಕ್ಕೆ ಸಾಲಲ್ಲ, ಹೆಚ್ಚೂಕಮ್ಮಿ 28 ಗಂಟೆ ಬೇಕು. ದಿನಕ್ಕೆ ಸರಿಯಾಗಿ ಒಂದು ಟಿಎಂಸಿ ಬರಬೇಕಾದ್ರೆ ಒಳಹರಿವು ಎಷ್ಟಿರಬೇಕು ಅಂತ ಅವರವರೇ ತಿರುಗಿಸಿ ಲೆಕ್ಕ ಹಾಕಿ 11,574 ಕ್ಯೂಸೆಕ್ ಅಂತ ತೆಗೆದ್ರು.

ಲೆಕ್ಕ ಅಲ್ಲಿಗೆ ಮುಗೀಲಿಲ್ಲ. ಒಬ್ಬ ಹುಡುಗ, "ಮಿಸ್, ನೀರ್ ಬತ್ತಾ ಇರೋವಾಗ್ಲೇ ನಾಲೆಗೂ ಬಿಡ್ತಾರಲ್ಲ, ಅದನ್ನ ಕಳೀಬೇಕಲ್ವಾ" ಅಂದ. ಇನ್ನೊಬ್ಬ ವಾರದ ಪೇಪರ್ ಎಲ್ಲಾ ಗುಡ್ಡೆ ಹಾಕ್ಕೊಂಡು ಬಂದು, ಕೆಳಗಡೆ ಒಂದಡಿ ಏರೋಕೂ ಮೇಲ್ಗಡೆ ಒಂದಡಿ ಏರೋಕೂ ನೀರು ಒಂದೇ ಸಮ ಬೇಕಾಗಲ್ಲ, ಯಾಕೆ ಅಂತ ಕೇಳ್ದ. ಜಲಾಶಯ ಅಂದ್ರೆ ಬೋಗುಣಿ ಇದ್ದಂಗೆ, ತಳ ಕಿರಿದು ಬಾಯಿ ಅಗಲ, ತುಂಬ್ತಾ ತುಂಬ್ತಾ ಒಂದೊಂದಡಿಗೂ ಹೆಚ್ಚು ನೀರು ಹಿಡಿಯುತ್ತೆ ಅಂತ ಮಕ್ಕಳೇ ಮಾತಾಡಿ ಮಾತಾಡಿ ಅಲ್ಲಿಗೆ ಬಂದ್ರು. ಘನಫಲದ ಪಾಠ ಇನ್ನೂ ಎರಡು ತಿಂಗಳು ಆಚೆ ಇತ್ತು. 49.45 ಟಿಎಂಸಿ ಅಂತ ಅಣೆಕಟ್ಟಿನ ಸಾಮರ್ಥ್ಯ ಓದಿದ್ರೆ ಈಗ ಆ ಮಕ್ಕಳಿಗೆ ಅದು ಬರೀ ಅಂಕಿ ಅಲ್ಲ. ಒಂದು ಮಾತು ಮಾತ್ರ ಹೇಳಬೇಕು, ಊರಿನ ಹೆಸರು ಸೇರಿಸಿದ ಮಾತ್ರಕ್ಕೆ ಪ್ರಶ್ನೆ ಒಳ್ಳೇದಾಗಲ್ಲ, ರಾಮು ಬದಲು ಮದ್ದೂರಿನ ರಾಮು ಐದು ಮಾವು ತಂದ ಅಂದ್ರೆ ಯಾವ ಮಗುನೂ ತಲೆ ಎತ್ತಲ್ಲ. ತಿಳ್ಕೋಬೇಕು ಅನ್ನಿಸೋದು ಏನಾದ್ರೂ ಅದರೊಳಗೆ ಇರಬೇಕು.

ಮನೇಲಿ ಓದಿಸೋ ಪೋಷಕರಿಗೂ ಒಂದು ಮಾತು. ಮತ್ತೆ ಮತ್ತೆ ಓದು ಅಂತ ಕೂರಿಸ್ತೀರಿ, ಮಗು ಪುಸ್ತಕ ನೋಡ್ಕೊಂಡು ಅಲ್ಲಾಡ್ತಾ ಕೂತಿರುತ್ತೆ. ರೋಡಿಗರ್ ಮತ್ತು ಕಾರ್ಪಿಕ್ ಅನ್ನೋ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟ ಮಾಡಿದ ಪ್ರಯೋಗದಲ್ಲಿ, ಒಂದೇ ಪಾಠನ ಕೆಲವರು ಮತ್ತೆ ಓದಿದ್ರು, ಕೆಲವರು ಪುಸ್ತಕ ಮುಚ್ಚಿ ನೆನಪಿರೋದನ್ನ ಬರೆದ್ರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದೋರೇ ಮುಂದೆ ಇದ್ರು, ಒಂದು ವಾರ ಬಿಟ್ಟು ಕೇಳಿದಾಗ ಮುಚ್ಚಿ ಬರೆದೋರು ಮುಂದೆ. ಅದಕ್ಕೆ ನಾನು ದಿನಾ ಕ್ಲಾಸ್ ಶುರು ಮಾಡೋದೇ ಮೂರು ಪ್ರಶ್ನೆಯಿಂದ, ನಿನ್ನೆದು ಒಂದು, ಹೋದ ವಾರದ್ದು ಒಂದು, ಹೋದ ತಿಂಗಳದ್ದು ಒಂದು, ಪುಸ್ತಕ ತೆಗೆಯೋ ಹಾಗಿಲ್ಲ, ಮಾರ್ಕ್ಸೂ ಇಲ್ಲ. ಮಾರ್ಕ್ಸ್ ಇಟ್ರೆ ಪಕ್ಕದೋನ ಸ್ಲೇಟು ನೋಡೋಕೆ ಶುರು ಮಾಡ್ತಾರೆ. ಮನೇಲೂ "ಓದ್ದಾ?" ಅನ್ನೋ ಬದಲು, ಇವತ್ತು ಮಾಡಿದ ಒಂದು ಲೆಕ್ಕನ ಪುಸ್ತಕ ಮುಚ್ಚಿ ನನಗೆ ಹೇಳ್ಕೊಡು ಅನ್ನಿ, ನಿಮಗೆ ಗಣಿತ ಬರ್ದೇ ಇದ್ರೆ ಇನ್ನೂ ಒಳ್ಳೇದು.

ಆನ್‌ಲೈನ್ ವಿಚಾರಕ್ಕೆ ಬರ್ತೀನಿ. 2020ರ ಮಾರ್ಚಲ್ಲಿ ಶಾಲೆ ಮುಚ್ಚಿದಾಗ ಚಂದನ ಟಿವೀಲಿ ಪಾಠ ಬಂತು, ಆಗಸ್ಟಲ್ಲಿ ವಿದ್ಯಾಗಮ ಅಂತ ನಾವು ಮೇಷ್ಟ್ರುಗಳೇ ಊರೂರಿಗೆ ಹೋಗಿ ದೇವಸ್ಥಾನದ ಜಗಲಿ ಮೇಲೆ, ಅರಳಿ ಮರದ ಕೆಳಗೆ ಮಕ್ಕಳನ್ನ ಕೂರಿಸ್ಕೊಂಡು ಪಾಠ ಮಾಡಿದ್ವಿ, ಸೋಂಕು ಜಾಸ್ತಿ ಆಗಿ ಅಕ್ಟೋಬರಲ್ಲಿ ಅದನ್ನೂ ನಿಲ್ಲಿಸಬೇಕಾಯ್ತು. ಮನೆಗೆ ಒಂದು ಮೊಬೈಲು, ಅದು ಅಪ್ಪನ ಜೊತೆ ಗದ್ದೆಗೆ ಹೋಗಿರುತ್ತೆ, ಸಂಜೆ ಅದು ಮನೆಗೆ ಬಂದ ಮೇಲೇನೇ ಮಗುಗೆ ಪಾಠ. ಆ ಕಾಲ ಮುಗೀತು ಅಂತ ಎಲ್ಲರೂ ಮರೆತ್ರು, ಆದ್ರೆ ಆನ್‌ಲೈನ್ ಪಾಠ ಹೋಗ್ಲಿಲ್ಲ, ಟ್ಯೂಷನ್ನು, ಪರೀಕ್ಷೆ ಹತ್ರದ ವಿಶೇಷ ತರಗತಿ, ಮಳೆ ರಜೆ, ಕಾಲೇಜಿನ ಕೋರ್ಸು ಎಲ್ಲದರಲ್ಲೂ ಇದೆ, ಅಲ್ಲೂ ಅದೇ ಹಳೇ ಕಥೆ, ಒಂದು ಗಂಟೆ ಟೀಚರ್ ಮಾತು, ಎದುರಿಗೆ ಐವತ್ತು ಕಪ್ಪು ಚೌಕ.

ಅದಕ್ಕೆ ಕೆಲವರು ಕಂಡ್ಕೊಂಡಿರೋ ಮದ್ದು ಏನಂದ್ರೆ ಕ್ಯಾಮೆರಾ ಕಡ್ಡಾಯ ಮಾಡೋದು, ಹಾಜರಾತಿಗೆ ಸ್ಕ್ರೀನ್‌ಶಾಟ್ ತೆಗೆದು ಮೇಲಿನೋರಿಗೆ ಕಳಿಸೋದು. ದಯವಿಟ್ಟು ಇದನ್ನ ಬಿಡಬೇಕು. ಒಂದೇ ರೂಮಿನ ಮನೆ, ಹಿಂದೆ ಅಮ್ಮ ಒಲೆ ಮುಂದೆ ಕೂತಿರ್ತಾಳೆ, ಪಕ್ಕದಲ್ಲಿ ಅಜ್ಜಿ ಮಲಗಿರ್ತಾರೆ, ಅದನ್ನೆಲ್ಲಾ ಕ್ಲಾಸಿಗೆ ತೋರಿಸೋಕೆ ಹದಿನಾಲ್ಕು ವರ್ಷದ ಮಗುಗೆ ನಾಚಿಕೆ ಆಗುತ್ತೆ, ಡೇಟಾನೂ ಬೇಗ ಖಾಲಿ ಆಗುತ್ತೆ. ಮುಖ ಕಂಡ್ರೆ ಮನಸ್ಸು ಅಲ್ಲಿದೆ ಅಂತ ಏನೂ ಇಲ್ಲ. ಅದರ ಬದಲು ಐದು ನಿಮಿಷಕ್ಕೊಂದು ಪ್ರಶ್ನೆ ಕೊಡಿ, ಎಲ್ಲರೂ ಚಾಟಲ್ಲಿ ಟೈಪ್ ಮಾಡಿ ಇಟ್ಕೊಳ್ಳಿ, ಕಳಿಸಬೇಡಿ ಅನ್ನಿ, ಒಂದು ಎರಡು ಮೂರು ಅಂದ್ಮೇಲೆ ಒಟ್ಟಿಗೆ ಕಳಿಸಲಿ. ಯಾರನ್ನೂ ನೋಡಿ ಬರೆಯೋಕಾಗಲ್ಲ, ಐವತ್ತು ಉತ್ತರ ಒಂದೇ ಸಲ ಸುರಿಯುತ್ತೆ, ಯಾರು ಇದ್ದಾರೆ ಯಾರು ಇಲ್ಲ ಅನ್ನೋದಕ್ಕೆ ಅದಕ್ಕಿಂತ ಹಾಜರಾತಿ ಬೇಕಾ? ಪೆನ್ನು ಪೇಪರಲ್ಲೇ ಲೆಕ್ಕ ಮಾಡಿಸಿ ಫೋಟೋ ತರಿಸ್ಕೊಳ್ಳಿ. ನೆಟ್‌ವರ್ಕ್ ಸಿಗದ ಊರಿನ ಮಗು ವಾಟ್ಸಾಪಲ್ಲಿ ಒಂದು ವಾಯ್ಸ್ ಮೆಸೇಜ್ ಹಾಕಿ, ಈ ಲೆಕ್ಕ ಹಿಂಗೆ ಮಾಡ್ದೆ ಅಂತ ಹೇಳಲಿ, ರಾತ್ರಿ ನೆಟ್ ಬಂದಾಗ ಹೋಗುತ್ತೆ. ಆ ದನಿ ಕೇಳಿದ್ರೆ ಎಲ್ಲಿ ತಡವರಿಸಿದ್ದಾನೆ ಅಂತ ತಿಳಿಯುತ್ತೆ.

ವಿಡಿಯೋ ಮಾಡಿ ಹಾಕೋರು ಚಿಕ್ಕದಾಗಿ ಮಾಡಿ. ಎಡ್‌ಎಕ್ಸ್ ಅನ್ನೋ ಆನ್‌ಲೈನ್ ಕೋರ್ಸುಗಳಲ್ಲಿ ಕಲಿಯೋರು ವಿಡಿಯೋ ನೋಡಿದ 69 ಲಕ್ಷ ಸಲದ ದಾಖಲೆ ಇಟ್ಕೊಂಡು 2014ರಲ್ಲಿ ಒಂದು ಅಧ್ಯಯನ ಬಂತು, ವಿಡಿಯೋ ಎಷ್ಟೇ ಉದ್ದ ಇರಲಿ, ಸಾಮಾನ್ಯವಾಗಿ ನೋಡೋದು ಹೆಚ್ಚಂದ್ರೆ ಆರು ನಿಮಿಷ ಅಂತ ಅದರಲ್ಲಿ ಕಂಡುಬಂತು. ದೊಡ್ಡೋರ ಕಥೆನೇ ಅದಾದ್ರೆ ನಮ್ಮ ಮಕ್ಕಳದ್ದು ಇನ್ನೆಷ್ಟು? ಒಂದು ವಿಡಿಯೋಗೆ ಒಂದೇ ವಿಷಯ, ಕೊನೇಲಿ ಒಂದು ಪ್ರಶ್ನೆ, ಅದರ ಉತ್ತರ ಮುಂದಿನ ವಿಡಿಯೋದಲ್ಲಿ. ಪಠ್ಯಪುಸ್ತಕದಲ್ಲಿ ದೀಕ್ಷಾ ಅನ್ನೋ ಸರ್ಕಾರಿ ಆನ್‌ಲೈನ್ ಕಲಿಕಾ ತಾಣದ ಕ್ಯೂಆರ್ ಕೋಡ್ ಇದೆ, ಅದನ್ನ ಸ್ಕ್ಯಾನ್ ಮಾಡ್ಸಿ ನೋಡಿ ಅಂದ್ಬಿಟ್ರೆ ನೋಡಲ್ಲ, ನೋಡಿ ಬಂದು ಈ ಪ್ರಶ್ನೆಗೆ ಉತ್ತರ ತನ್ನಿ ಅಂದ್ರೆ ನೋಡ್ತಾರೆ.

ಇಷ್ಟೆಲ್ಲಾ ಹೇಳಿದ್ರೆ ಸಹೋದ್ಯೋಗಿಗಳು ಕೇಳೋದು ಒಂದೇ, ಪೋರ್ಷನ್ ಮುಗಿಯುತ್ತಾ? ಎಸ್‌ಎಸ್‌ಎಲ್‌ಸಿ ಫಲಿತಾಂಶ ಕಮ್ಮಿ ಬಂದ್ರೆ ನೋಟಿಸು ಬರೋದು ನಮಗೇ ಅಲ್ವಾ? ಆ ಭಯ ನಿಜವಾದ ಭಯ, ನಾನೂ ಅದರಲ್ಲೇ ಇದೀನಿ. ಆದ್ರೆ ನವೆಂಬರಿಗೆ ಪೋರ್ಷನ್ ಮುಗಿಸಿ ಫೆಬ್ರವರೀಲಿ ಮತ್ತೆ ಮೊದಲಿಂದ ಹೇಳ್ಕೊಡ್ತೀವಲ್ಲ, ಮುಗಿದಿದ್ದು ಯಾರದ್ದು? ವಿಜ್ಞಾನ, ಗಣಿತ, ಎಂಜಿನಿಯರಿಂಗ್ ಕಾಲೇಜು ತರಗತಿಗಳ ಮೇಲೆ ನಡೆದ 225 ಅಧ್ಯಯನಗಳನ್ನ ಒಟ್ಟು ಮಾಡಿ 2014ರಲ್ಲಿ ಫ್ರೀಮನ್ ಮತ್ತು ಜೊತೆಗಾರರು ಲೆಕ್ಕ ಹಾಕಿದ್ರು, ಬರೀ ಉಪನ್ಯಾಸ ಕೇಳೋ ತರಗತಿಗಳಲ್ಲಿ ಫೇಲಾಗೋ ಸಾಧ್ಯತೆ, ಕೆಲಸ ಮಾಡಿಸೋ ತರಗತಿಗಳಿಗಿಂತ ಒಂದೂವರೆ ಪಟ್ಟು. ಅದು ಕಾಲೇಜಿನ ಲೆಕ್ಕ, ನಮ್ಮ ಹೈಸ್ಕೂಲಿಗೆ ಹಂಗಂಗೇ ಅಂಟಿಸೋಕಾಗಲ್ಲ, ಆದ್ರೂ ದಿಕ್ಕು ಯಾವುದು ಅಂತ ತೋರಿಸುತ್ತೆ.

ಎಲ್ಲಾ ಮಕ್ಕಳ ಮಂಪರಿಗೂ ಪಾಠವೇ ಕಾರಣ ಅಂತಲೂ ನಾನು ಹೇಳಲ್ಲ. ನಮ್ಮಲ್ಲಿ ಬೆಳಿಗ್ಗೆ ಐದಕ್ಕೆ ಎದ್ದು ಹಸು ಕರೆದು ಡೈರಿಗೆ ಹಾಲು ಹಾಕಿ ಬರೋ ಮಕ್ಕಳಿದ್ದಾರೆ, ತಿಂಡಿ ತಿನ್ನದೆ ಬರೋರಿದ್ದಾರೆ. ಮಧ್ಯಾಹ್ನ ಊಟ ಆದ ಮೇಲಿನ ಪಿರಿಯಡ್ಡಲ್ಲಿ ಅಂಥವರನ್ನ ಎದ್ದು ನಿಲ್ಲಿಸಿ ಬೈದ್ರೆ ಏನ್ ಬಂತು? ಎದ್ದು ಓಡಾಡಿ ಅಳೆಯೋ ಕೆಲಸ, ಗುಂಪಲ್ಲಿ ಮಾತಾಡೋ ಕೆಲಸ ಆ ಹೊತ್ತಿಗೆ ಇಡಬೇಕು, ಹೊಸ ಪಾಠ ಬೆಳಿಗ್ಗೆಗೆ. ವೇಳಾಪಟ್ಟಿ ಹಾಕೋ ಮುಖ್ಯ ಶಿಕ್ಷಕರು ಮನಸ್ಸು ಮಾಡಿದ್ರೆ ಒಂದು ರೂಪಾಯಿ ಖರ್ಚಿಲ್ಲ.

ಇಲಾಖೆಯೋರಲ್ಲಿ ನನ್ನ ಕೋರಿಕೆ ಇಷ್ಟು. ತಪಾಸಣೆಗೆ ಬಂದಾಗ ಪಾಠ ಟಿಪ್ಪಣಿ, ರಿಜಿಸ್ಟರು ನೋಡಿದ ಮೇಲೆ ಹತ್ತು ನಿಮಿಷ ಹಿಂದಿನ ಬೆಂಚಲ್ಲಿ ಕೂತು, ಮಕ್ಕಳು ಏನ್ ಮಾಡ್ತಿದ್ದಾರೆ ಅನ್ನೋದನ್ನ ಮಾತ್ರ ನೋಡಿ. ಕ್ಲಾಸಲ್ಲಿ ಸದ್ದು ಇದ್ರೆ ಶಿಸ್ತಿಲ್ಲ ಅಂತ ಬರೀಬೇಡಿ, ಆ ಸದ್ದು ಯಾವುದರ ಬಗ್ಗೆ ಅಂತ ಕೇಳಿಸ್ಕೊಳ್ಳಿ. ತರಬೇತಿ ಹಾಲಲ್ಲಿ ಕೂರಿಸಿ ಸ್ಲೈಡ್ ತೋರಿಸೋ ಬದಲು, ತಿಂಗಳಿಗೆ ಒಂದು ದಿನ ಪಕ್ಕದ ಶಾಲೆಯ ಕ್ಲಾಸಲ್ಲಿ ಕೂತು ನೋಡೋಕೆ ನಮ್ಮನ್ನ ಬಿಡಿ. ಮೈಸೂರಲ್ಲಿ 1963ರಿಂದ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ, ಅದರ ಆವರಣದಲ್ಲೇ ಪ್ರಾತ್ಯಕ್ಷಿಕೆಗೆ ಅಂತಲೇ ಶಾಲೆ ಇದೆ, ಮಂಡ್ಯದಿಂದ ಒಂದು ಗಂಟೆ ದಾರಿ, ಹಳ್ಳಿ ಮೇಷ್ಟ್ರುಗಳು ಅಲ್ಲಿ ಹೋಗಿ ಒಂದು ದಿನ ಪಾಠ ನೋಡಿ ಬರೋಕೆ ಓಓಡಿ, ಅಂದ್ರೆ ಹೊರಗಿನ ಕೆಲಸಕ್ಕೆ ಹೋದ್ರೂ ಡ್ಯೂಟಿ ಅಂತಲೇ ಲೆಕ್ಕ, ಕೊಟ್ರೆ ಬಹಳ ಜನ ಹೋಗ್ತಾರೆ.

ನಿಮ್ಮಲ್ಲೂ ಒಂದು ಕೋರಿಕೆ ಇದೆ ಸಂಪಾದಕರೇ. ವಿದ್ಯಾರ್ಥಿಗಳ ಪುಟದಲ್ಲಿ ಮಾದರಿ ಪ್ರಶ್ನೆಪತ್ರಿಕೆ ಹಾಕ್ತೀರಿ, ಅದು ಇರಲಿ, ಅದರ ಪಕ್ಕದಲ್ಲಿ ವಾರಕ್ಕೊಂದು ಸಲ ಆ ವಾರದ ಏಳು ದಿನದ ಕೆಆರ್‌ಎಸ್ ಅಂಕಿ ಒಂದು ಕೋಷ್ಟಕ ಮಾಡಿ, ಕೆಳಗೆ ಒಂದೇ ಒಂದು ಪ್ರಶ್ನೆ ಹಾಕಿ, ಉತ್ತರ ಮುಂದಿನ ವಾರ. ಪ್ರಶ್ನೆ ತಯಾರು ಮಾಡಿ ಕಳಿಸೋಕೆ ನಾನೂ ನನ್ನ ಸಹೋದ್ಯೋಗಿಗಳೂ ಸಿದ್ಧ ಇದ್ದೀವಿ, ಸಂಭಾವನೆ ಏನೂ ಬೇಡ. ಮೊದಲನೇ ವಾರಕ್ಕೆ ಇದನ್ನ ಹಾಕಿ: ಕಟ್ಟೆಗೆ ದಿನವಿಡೀ 25,000 ಕ್ಯೂಸೆಕ್ ಒಳಹರಿವು, 3,000 ಕ್ಯೂಸೆಕ್ ಹೊರಹರಿವು ಇದೆ, ಆವಿ ಆಗೋದನ್ನ ಬಿಟ್ಟು ಲೆಕ್ಕ ಹಾಕಿದ್ರೆ 10 ಟಿಎಂಸಿ ಸೇರೋಕೆ ಎಷ್ಟು ದಿನ ಬೇಕು? ಹೊರಹರಿವು ಎರಡು ಪಟ್ಟು ಆದ್ರೆ ದಿನವೂ ಎರಡು ಪಟ್ಟು ಆಗುತ್ತಾ, ಇಲ್ಲ ಅಂದ್ರೆ ಯಾಕೆ?

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಗಣಿತ ಶಿಕ್ಷಕಿ, ಮಂಡ್ಯ ತಾಲ್ಲೂಕು